ಹಳೇ ಊರೋ, ನವನಗರೋ?

ಬಾಗಲಕೋಟೆ ಸ್ಟೇಷನ್ನಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಇಳಿದು ಹೊರಗೆ ಬಂದರೆ ಆಟೋದವರ ಮೊದಲ ಪ್ರಶ್ನೆ, “ಹಳೇ ಊರೋ ನವನಗರೋ, ಅಣ್ಣಾರ?” ನಾನು ಚಿಕ್ಕವನಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ. ಇದ್ದದ್ದು ಒಂದೇ ಊರು.

ಹಳೇ ಊರು ಅಂದೆ.

ಆಲಮಟ್ಟಿ ಅಣೆಕಟ್ಟು ಇರುವುದು ಕೃಷ್ಣೆಗೆ. ಆದರೆ ನಮ್ಮ ಘಟಪ್ರಭೆ ಚಿಕ್ಕಸಂಗಮದಲ್ಲಿ ಅದೇ ಕೃಷ್ಣೆಯನ್ನು ಸೇರುತ್ತದೆ. ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಂತರೆ ಇಲ್ಲಿ ಹೊಳೆ ಹಿಂದಕ್ಕೆ ಉಬ್ಬಿ ಊರೊಳಗೆ ಬರುತ್ತದೆ. ನಮ್ಮ ಓಣಿ ಹೊಳೆಯ ಕಡೆಗೇ ಇತ್ತು. ಪರಿಹಾರ ತಗೊಂಡು ಎಲ್ಲರೂ ಎದ್ದರು. ಹಾಗೆ ಎದ್ದವರಿಗಾಗಿ ಕಟ್ಟಿದ್ದೇ ನವನಗರ.

ಬೇಸಿಗೆಯಾದ್ದರಿಂದ ನೀರು ಇಳಿದಿತ್ತು. “ಅಲ್ಲೇನೈತ್ರೀ ಈಗ? ಜಾಲಿ ಕಂಟಿ ಅಷ್ಟ” ಅಂತ ಆಟೋದವನು ಹೇಳಿದ್ದು ಸುಳ್ಳಾಗಲಿಲ್ಲ. ಮುಳ್ಳಿನ ನಡುವೆ ಕಲ್ಲಿನ ಬುನಾದಿ, ಒಂದೆರಡು ಮೆಟ್ಟಿಲು. ಯಾವುದು ನಮ್ಮ ಮನೆಯದು ಅಂತ ಗುರುತು ಹತ್ತಲಿಲ್ಲ. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ, ಬಿಸಿಲು ಜಾಸ್ತಿ ಇತ್ತು.

ಬೇಜಾರಾದದ್ದು ಮುಳುಗದೆ ಉಳಿದ ಊರು ನೋಡಿ. ಅಂಗಡಿ, ಸಂತೆ, ಗದ್ದಲ ಎಲ್ಲಾ ಇದೆ. ಆದರೆ ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದು ಅಂತ 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ಹೇಳಿದೆ. ಇಂದಲ್ಲ ನಾಳೆ ಏಳಬೇಕಾದ ಮನೆಗೆ ಯಾರು ಸುಣ್ಣ ಹೊಡೆಸುತ್ತಾರೆ? ಮುಳುಗಿದವರದು ಒಮ್ಮೆ ಮುಗಿಯಿತು. ಉಳಿದವರದು ವರ್ಷಗಟ್ಟಲೆ ಎಳೆಯುತ್ತಿದೆ.

ಚಹಾದಂಗಡಿಯಲ್ಲಿ ಒಬ್ಬ ಹಿರಿಯರು, “ಯಾ ಓಣಿ ಮಂದಿರಿ ನೀವು?” ಅಂದರು. ಓಣಿ ಹೇಳಿದೆ. ಅಷ್ಟೇ ಸಾಕಾಯಿತು. ನಮ್ಮ ಬಾಜೂ ಮನೆಯವರು ಈಗ ಯಾವ ಸೆಕ್ಟರಿನಲ್ಲಿದ್ದಾರೆ, ಎದುರು ಮನೆಯವರು ಹುಬ್ಬಳ್ಳಿಗೆ ಹೋದದ್ದು ಯಾಕೆ, ಎಲ್ಲಾ ಗಡಗಡ ಹೇಳಿಬಿಟ್ಟರು. ಚಹಾದ ದುಡ್ಡೂ ಕೊಡಗೊಡಲಿಲ್ಲ.

ಸಂಜೆ ನವನಗರದಲ್ಲಿ ಸೋದರಮಾವನ ಮನೆ. ಅಗಲ ರಸ್ತೆ, ಗಿಡಮರ, ಸಾಲಾಗಿ ಸೆಕ್ಟರ್‌ಗಳು. 1997ರಲ್ಲಿ ಬಿಜಾಪುರದಿಂದ ಬೇರೆಯಾಗಿ ಜಿಲ್ಲೆ ಆಯಿತಲ್ಲ, ಆ ಜಿಲ್ಲೆಯ ಕಚೇರಿಗಳೂ ಇಲ್ಲಿಯೇ. ನಿಜ ಹೇಳಬೇಕೆಂದರೆ ಇರೋಕೆ ಇದೇ ಒಳ್ಳೆಯ ಊರು. ನಮ್ಮ ಓಣಿಯಲ್ಲಿ ಒಂದು ಎತ್ತಿನ ಬಂಡಿ ಬಂದರೆ ನಾವು ಗೋಡೆಗೆ ಅಂಟಿಕೊಂಡು ನಿಲ್ಲಬೇಕಿತ್ತು. ಆದರೆ ಇಲ್ಲಿ ಮನೆ ಮುಂದೆ ಕಟ್ಟೆಗಳಿಲ್ಲ, ಕಾಂಪೌಂಡ್ ಗೋಡೆಗಳಿವೆ. ಕಟ್ಟೆ ಇಲ್ಲದಿದ್ದರೆ ಹಾದುಹೋಗುವವನನ್ನು ನಿಲ್ಲಿಸಿ ಮಾತಾಡಿಸುವುದು ಹೇಗೆ?

ಮಾವ ಅದಕ್ಕೊಂದು ದಾರಿ ಕಂಡುಕೊಂಡಿದ್ದಾನೆ. ಬೆಳಗಾದರೆ ಬಸ್ ಹತ್ತಿ ಹಳೇ ಊರಿಗೆ ಹೋಗುತ್ತಾನೆ. ಹೆಸರಿಗೆ ಕಾಯಿಪಲ್ಲೆ ತರೋಕೆ. “ನವನಗರದಾಗ ಸಿಗೂದಿಲ್ಲೇನು?” ಅಂತ ಅತ್ತೆ ದಿನಾ ಬೈಯುತ್ತಾಳಂತೆ.

ಹೊರಡುವಾಗ ಹೋಳಿ ಹಬ್ಬಕ್ಕೆ ಬಾ ಅಂದ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಹಳೇ ಊರಿನ ಪೇಟೆಗಳ ಹೆಸರುಗಳು ಹೋಳಿಯಲ್ಲಿ ಇನ್ನೂ ನಡೆಯುತ್ತವೆ. ಹಲಗಿ ಬಾರಿಸುತ್ತಾ, ಬಂಡಿಯಲ್ಲಿ ಬಣ್ಣದ ಬ್ಯಾರೆಲ್ ಹೇರಿಕೊಂಡು ಎದುರಿನವರ ಮೇಲೆ ಎರಚುವ ಆಟ. ನಾನು, “ನೋಡ್ತೀನಿ ಮಾವ, ಒಂದಿನ ರಜೆ ಸಿಕ್ಕರೆ...” ಅಂದೆ.

“ಬಣ್ಣ ಮೂರು ದಿನ ಐತಿ. ಒಂದಿನಕ್ಕ ಬರೂದಿದ್ರ ಬರಬ್ಯಾಡ” ಅಂದು ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ.