ಲಿಮಾದಲ್ಲಿ ಸಿಕ್ಕ ಒಂದು ಹಿಡಿ ಕೊಸರು

ಪೆರು ದೇಶ ನೋಡಿಕೊಂಡು ಬಂದು ಎರಡು ವಾರ ಆಯ್ತು. ಮನೆಗೆ ಬಂದವರೆಲ್ಲ ಮಾಚು ಪಿಚು ಫೋಟೋ ಕೇಳುತ್ತಾರೆ. ತೋರಿಸುತ್ತೇನೆ. ಆದರೆ ನನಗೆ ಹೇಳಬೇಕು ಅನ್ನಿಸುವುದು ರಾಜಧಾನಿ ಲಿಮಾದಲ್ಲಿ ಕಳೆದ ಮೊದಲನೇ ದಿನದ ವಿಷಯ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳು ನಾನು. ಅಷ್ಟು ದೂರ ಹೋಗಿ ನನ್ನ ಬೀದಿಯದೇ ನೆನಪಾಗುತ್ತೆ ಅಂತ ಅಂದುಕೊಂಡಿರಲಿಲ್ಲ.

ಆಗಸ್ಟ್ ತಿಂಗಳು, ಅಲ್ಲಿ ಚಳಿಗಾಲ. ಹಿಂದಿನ ರಾತ್ರಿ ಇಳಿದಿದ್ದೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ ಆಯ್ತು. ನಮಗೂ ಅವರಿಗೂ ಹತ್ತೂವರೆ ಗಂಟೆ ವ್ಯತ್ಯಾಸ, ಮೈಗೆ ಆಗ ಮಧ್ಯಾಹ್ನ. ಬೆಳಕು ಹರಿಯುವ ತನಕ ಕಾದು, ಸ್ವೆಟರ್ ಹಾಕಿಕೊಂಡು ಮೀರಾಫ್ಲೋರೆಸ್ ಬಡಾವಣೆಯ ಕಡಲ ಕಡೆ ನಡೆದೆ.

ಕಡಲ ದಂಡೆ ಅಂದರೆ ನಮ್ಮ ಮಲ್ಪೆ, ಕಾರವಾರದ ಹಾಗಲ್ಲ. ಕಡಿದಾದ ಗುಡ್ಡದ ಅಂಚಿಗೆ ಬಂದು ಊರು ಮುಗಿಯುತ್ತೆ. ಮೇಲೆ ಉದ್ದಕ್ಕೂ ಪಾರ್ಕು, ಕೆಳಗೆ ಪೆಸಿಫಿಕ್ ಸಾಗರ. ಆಕಾಶ, ನೀರು ಎರಡೂ ಬೂದಿ ಬಣ್ಣ. ಚಳಿಗಾಲದ ಈ ಮೋಡಕ್ಕೆ ಅಲ್ಲಿಯವರು ‘ಕತ್ತೆ ಹೊಟ್ಟೆ’ ಅನ್ನುತ್ತಾರೆ. ತಲೆ ಎತ್ತಿ ನೋಡಿದರೆ ಒಪ್ಪಿಕೊಳ್ಳಲೇಬೇಕು. ಬೆಂಗಳೂರು ಭೂಮಧ್ಯರೇಖೆಯಿಂದ ಮೇಲಕ್ಕೆ 13 ಡಿಗ್ರಿ, ಲಿಮಾ ಕೆಳಕ್ಕೆ 12 ಡಿಗ್ರಿ. ಕಡಲ ಪಕ್ಕದ ಊರು ಬೇರೆ, ಸೆಕೆ ಇರಬೇಕಿತ್ತು ಅಲ್ವಾ? ಆದರೆ ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಪ್ರವಾಹದ ತಣ್ಣೀರು ದಡದ ಗಾಳಿಯನ್ನೂ ತಣ್ಣಗೆ ಮಾಡುತ್ತೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತೆ. ಮೋಡಕ್ಕೆ ಮೇಲೇಳಲು ದಾರಿಯಿಲ್ಲ. ತಿಂಗಳುಗಟ್ಟಲೆ ಹಾಗೇ ಕವಿದುಕೊಂಡು ಜಿನುಗುತ್ತೆ, ಮಳೆಯಾಗಿ ಸುರಿಯೋದಿಲ್ಲ. ವರ್ಷಪೂರ್ತಿ ಸೇರಿಸಿದರೂ ಒಂದೆರಡು ಸೆಂಟಿಮೀಟರ್. ನಮ್ಮಲ್ಲಿ ಒಂದು ಸಂಜೆಯ ಮಳೆ ಅದಕ್ಕಿಂತ ಜಾಸ್ತಿ.

ಮೆಟ್ಟಿಲಿಳಿದು ನೀರಿನ ಹತ್ತಿರ ಹೋದೆ. ಅಲ್ಲಿ ಮರಳಿಲ್ಲ. ಬರೀ ಗುಂಡು ಕಲ್ಲು, ಮುಷ್ಟಿ ಗಾತ್ರದ್ದು, ನುಣ್ಣಗೆ ಸವೆದದ್ದು. ಅಲೆ ಬರುವಾಗ ಮಾಮೂಲಿ ಸದ್ದು. ಅದು ಹಿಂದಕ್ಕೆ ಸರಿಯುವಾಗ ಕಲ್ಲುಗಳೆಲ್ಲ ಒಂದಕ್ಕೊಂದು ತಾಗಿ ಗಲಗಲ ಅಂತ ಉರುಳುತ್ತವೆ. ಅಮ್ಮ ಮೊರದಲ್ಲಿ ಕಡ್ಲೆಕಾಯಿ ಕೇರುವ ಸದ್ದು! ಕಣ್ಣು ಮುಚ್ಚಿ ಎಷ್ಟು ಹೊತ್ತು ನಿಂತಿದ್ದೆನೋ, ಶೂ ಒಳಗೆ ನೀರು ಹೋದಾಗಲೇ ಗೊತ್ತಾಗಿದ್ದು.

ಅಲ್ಲಿಂದ ವಾಕಾ ಪುಕ್ಯಾನಕ್ಕೆ ಹೋದೆ. ಮನೆಗಳ ಮಧ್ಯೆ ಎದ್ದು ನಿಂತ ಹಸಿ ಇಟ್ಟಿಗೆಯ ಪಿರಮಿಡ್, ಇಂಕಾಗಳಿಗಿಂತ ಎಷ್ಟೋ ಹಿಂದಿನದು. ಇಟ್ಟಿಗೆಗಳನ್ನು ಕಪಾಟಿನ ಪುಸ್ತಕಗಳ ಹಾಗೆ ನಿಲ್ಲಿಸಿ, ನಡುವೆ ಸಂದು ಬಿಟ್ಟಿದ್ದಾರೆ. ಭೂಮಿ ನಡುಗಿದರೆ ಅವೂ ಸ್ವಲ್ಪ ಅಲುಗಿ ನಿಂತುಕೊಳ್ಳಲಿ ಅಂತ.

ಹೊಟ್ಟೆ ಹಸಿದಿತ್ತು. ಸುರ್ಕಿಯೊ ಮಾರ್ಕೆಟ್ ಹತ್ತಿರದಲ್ಲೇ ಇತ್ತು. ನಾನು ಸಸ್ಯಾಹಾರಿ, ಲಿಮಾದಲ್ಲಿ ಎಲ್ಲಿ ನೋಡಿದರೂ ಮೀನು. ಬೇಯಿಸಿದ ಮುಸುಕಿನ ಜೋಳದ ತೆನೆ, ಜೊತೆಗೆ ಒಂದು ತುಂಡು ಚೀಸ್ ಸಿಕ್ಕಿತು. ಕಾಳು ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ದಪ್ಪ. ಸೀತಾಫಲದ ಅಕ್ಕನ ಹಾಗಿರುವ ಚಿರಿಮೋಯ, ನೇರಳೆ ಬಣ್ಣದ ಜೋಳ, ಗುಡ್ಡೆ ಗುಡ್ಡೆ ಆಲೂಗಡ್ಡೆ, ಹಳದಿ ಮೆಣಸಿನಕಾಯಿ. ಇವನ್ನೆಲ್ಲ ನೋಡುತ್ತಾ ಹೋದವಳು ಕಡ್ಲೆಕಾಯಿ ಗೋಣಿ ಮುಂದೆ ನಿಂತುಬಿಟ್ಟೆ. ಸಿಪ್ಪೆ ಸಮೇತ ಹುರಿದದ್ದು. ಅಲ್ಲಿ ಅದರ ಹೆಸರು ಮನೀ.

ಎರಡು ಸೋಲ್ ಕೊಟ್ಟೆ. ಅಂಗಡಿಯಾಕೆ ನನ್ನಮ್ಮನ ವಯಸ್ಸಿನವರು. ‘ಕಸೆರೀತ’ ಅಂತ ಕರೆದು, ತೂಕ ಹಾಕಿ ಕವರಿಗೆ ಸುರಿದರು. ಆಮೇಲೆ ಗೋಣಿಗೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದು ಮೇಲೆ ಹಾಕಿದರು. ‘ಲಾ ಯಾಪ’ ಅಂದರು. ನನಗೆ ಅರ್ಥ ಆಗದ್ದು ನೋಡಿ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಯಾಪ ಅನ್ನೋದು ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ ಬಂದ ಮಾತು. ಕೊಂಡವರಿಗೆ ದುಡ್ಡಿಲ್ಲದೆ ಮೇಲೆ ಹಾಕಿಕೊಡೋದು. ಕಸೆರೀತ ಅಂದರೆ ಖಾಯಂ ಗಿರಾಕಿಯನ್ನು ಕರೆಯುವ ಹಾಗೆ, ಪ್ರೀತಿಯಿಂದ.

ಕೊಸರು! ಬೇರೇನೂ ಅಲ್ಲ, ನಮ್ಮ ಕೊಸರೇ. ಕಾರ್ತಿಕದ ಕೊನೆ ಸೋಮವಾರ ನಮ್ಮ ಬಸವನಗುಡಿಯ ಪರಿಷೆಯಲ್ಲಿ ಅಮ್ಮ ಸೇರು ಕಡ್ಲೆಕಾಯಿ ಕೊಂಡು, ಚೀಲದ ಬಾಯಿ ಅಗಲ ಮಾಡಿ ಹಿಡಿದು, ‘ಕೊಸರು ಹಾಕಪ್ಪ’ ಅನ್ನದೆ ಅಲ್ಲಿಂದ ಕದಲಿದ್ದೇ ಇಲ್ಲ. ಈಗ ಎಷ್ಟೋ ಅಂಗಡಿಗಳಲ್ಲಿ ಆ ಮಾತೇ ಕೇಳಿಸೋದಿಲ್ಲ. ನನಗೆ ಅದು ನಿಜವಾಗಲೂ ಬೇಜಾರಿನ ವಿಷಯ. ಆ ಒಂದು ಹಿಡಿಯಲ್ಲಿ ‘ಮತ್ತೆ ಬಾ’ ಅನ್ನೋದು ಇರುತ್ತೆ.

ಮಧ್ಯಾಹ್ನ ಲಾರ್ಕೊ ಮ್ಯೂಸಿಯಂ. 1926ರಲ್ಲಿ ಶುರುವಾದದ್ದು. ಅಂಗಳದ ತುಂಬ ಕಾಗದದ ಹೂ. ಅದರ ತವರು ದಕ್ಷಿಣ ಅಮೆರಿಕವೇ. ಚಿನ್ನದ ಕೋಣೆಯಲ್ಲಿ ಜನ ತುಂಬಿದ್ದರು, ಬೇಗ ಹೊರಗೆ ಬಂದೆ. ನನಗೆ ಇಷ್ಟವಾಗಿದ್ದು ಅವರ ಉಗ್ರಾಣ. ಅದನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ನೆಲದಿಂದ ಚಾವಣಿಯ ತನಕ ಗಾಜಿನ ಕಪಾಟು, ಸಾವಿರಾರು ಮಡಕೆ. ಮುಖಗಳೆಲ್ಲ ಒಂದು ಕಡೆ, ಪ್ರಾಣಿಗಳು ಒಂದು ಕಡೆ, ಬೆಳೆಗಳು ಒಂದು ಕಡೆ.

ಅಲ್ಲಿ ಇತ್ತು, ಮಣ್ಣಿನಲ್ಲಿ ಮಾಡಿದ ಕಡ್ಲೆಕಾಯಿ. ಇಂಕಾಗಳಿಗಿಂತ ಹಿಂದೆ ಪೆರುವಿನಲ್ಲಿದ್ದ ಮೋಚೆ ಜನರ ಕೈಕೆಲಸ. ನಡು ಸಣ್ಣ, ಎರಡು ಕಡೆ ಉಬ್ಬು, ಮೈಮೇಲೆ ಬಲೆಯಂಥ ಗೆರೆ. ಜೇಬಿನಿಂದ ಒಂದು ಕಾಯಿ ತೆಗೆದು ಗಾಜಿನ ಪಕ್ಕ ಹಿಡಿದು ನೋಡಿದೆ. ಗೆರೆ ಕೂಡ ತಪ್ಪಿಲ್ಲ. ಸ್ಪೇನಿನಿಂದ ದಂಡೆತ್ತಿ ಬಂದ ಪಿಸಾರೊ ಲಿಮಾ ಕಟ್ಟಿದ್ದು 1535ರಲ್ಲಿ, ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಎರಡು ಊರೂ ಹುಟ್ಟುವ ನೂರಾರು ವರ್ಷ ಮೊದಲೇ ಯಾರೋ ಒಬ್ಬರು ಕೂತು ಇದರ ಗೆರೆಗಳನ್ನು ಇಷ್ಟು ಆಸೆಯಿಂದ ತಿದ್ದಿದ್ದಾರೆ. ಸಿಪಾನ್ ಅನ್ನುವಲ್ಲಿ 1987ರಲ್ಲಿ ಸಿಕ್ಕ ಮೋಚೆ ದೊರೆಯ ಸಮಾಧಿಯಲ್ಲಂತೂ ಚಿನ್ನ, ಬೆಳ್ಳಿಯ ಕಡ್ಲೆಕಾಯಿ ಸರವೇ ಇತ್ತು. ದೊರೆಗೆ ಕೊರಳಿಗೆ ಹಾಕಿ ಕಳಿಸುವಷ್ಟು ಮರ್ಯಾದೆ ಅದಕ್ಕೆ.

ಆವತ್ತು ಇನ್ನೆಲ್ಲಿಗೂ ಹೋಗಲಿಲ್ಲ. ರಾತ್ರಿ ಎಂಟಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಮರುದಿನ ಬೆಳಗ್ಗೆ ಆರೂವರೆ. ಕಾಫಿ ಲೋಟದ ಸದ್ದು ಕೇಳಿಸಿತು.

“ಊಟ ಆಯ್ತೇನೇ?”

“ಜೋಳ ತಿಂದೆ ಅಮ್ಮ, ಕಡ್ಲೆಕಾಯಿ ತಿಂದೆ. ಇಲ್ಲೂ ಕೊಸರು ಹಾಕ್ತಾರೆ, ಗೊತ್ತಾ?”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಕೇಳ್ದೇನೇ ಹಾಕಿದ್ರಾ?”

“ಕೇಳ್ದೇನೇ.”

“ಹಾಗಾದ್ರೆ ಎಲ್ಲಾ ತಿಂದುಬಿಡಬೇಡ ಪುಟ್ಟಿ. ನನಗೂ ನಾಲ್ಕು ಎತ್ತಿಟ್ಕೊಂಡು ಬಾ.”