ಬಿಪಿ ನೋಡುವ ಮೊದಲಿನ ಐದು ನಿಮಿಷ

“ಸಿಸ್ಟರ್, 120ರೊಳಗೆ ಇರಬೇಕಂತಲ್ಲ, ನನ್ನದು 138 ಬಂತು. ಇನ್ನೊಂದು ಮಾತ್ರೆ ಬೇಕಾಗುತ್ತಾ?” ಓಪಿಡಿಯಲ್ಲಿ ಈಚೆಗೆ ಈ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ. ಮಾತ್ರೆ ಡಾಕ್ಟರಿಗೆ ಬಿಟ್ಟ ವಿಷಯ. ಆದರೆ ತೋಳಿಗೆ ಪಟ್ಟಿ ಸುತ್ತಿ ಆ 138 ಬರೆದುಕೊಟ್ಟವಳು ನಾನು, ಹಾಗಾಗಿ ನನಗೂ ಹೇಳುವುದಿದೆ.

ಬಿಪಿಯ ಮೇಲಿನ ಸಂಖ್ಯೆಗೆ 120ರ ಗುರಿ ಇಷ್ಟು ಗಟ್ಟಿಯಾಗಿ ಚರ್ಚೆಗೆ ಬಂದದ್ದು ಅಮೆರಿಕದ ಸ್ಪ್ರಿಂಟ್ ಅಧ್ಯಯನದಿಂದ. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 50 ದಾಟಿದ, ಹೃದಯದ ಅಪಾಯ ಹೆಚ್ಚಿದ್ದ 9,361 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 140ರ ಒಳಗಿನ ಗುರಿ, ಇನ್ನೊಂದಕ್ಕೆ 120ರ ಒಳಗಿನ ಗುರಿ ಇಟ್ಟರು. ಎರಡನೆಯ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದಂಥವು ಒಟ್ಟಾರೆ ಕಾಲು ಭಾಗ ಕಡಿಮೆಯಾದವು. ಅಂತರ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅದರಲ್ಲಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿರಲಿಲ್ಲ. ಆ ಕೊರತೆ ತುಂಬಿದ್ದು 2024ರಲ್ಲಿ ಪ್ರಕಟವಾದ ಚೀನಾದ ಬಿಪ್ರೋಡ್: ಟೈಪ್ 2 ಮಧುಮೇಹವಿದ್ದ 12,821 ಜನರಲ್ಲಿ ಇದೇ ಗುರಿಯಿಂದ ಇಂಥ ಘಟನೆಗಳು ಶೇ 21ರಷ್ಟು ಇಳಿದವು. ಪುಕ್ಕಟೆಯಾಗಿ ಏನಲ್ಲ. ಸ್ಪ್ರಿಂಟ್‌ನಲ್ಲಿ ಬಿಪಿ ತೀರಾ ಇಳಿಯುವುದು, ಎಚ್ಚರ ತಪ್ಪುವುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು 120ರ ಗುಂಪಿನಲ್ಲೇ ಹೆಚ್ಚು.

ಇಷ್ಟು ಎಲ್ಲ ಕಡೆ ಬರುತ್ತದೆ. ಆ ಅಧ್ಯಯನದಲ್ಲಿ ಬಿಪಿ ನೋಡಿದ್ದು ಹೇಗೆ ಅನ್ನುವುದು ಮಾತ್ರ ಬರುವುದಿಲ್ಲ. ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ತಾನೇ ಗಾಳಿ ತುಂಬಿಕೊಳ್ಳುವ ಯಂತ್ರದಲ್ಲಿ ಮೂರು ಸಲ ನೋಡಿ, ಸರಾಸರಿ ಹಿಡಿದಿದ್ದರು. ನಮ್ಮಲ್ಲಿ? ಮೆಟ್ಟಿಲು ಹತ್ತಿ ಏದುಸಿರಲ್ಲಿ ಬಂದವರು ಸ್ಟೂಲಿನ ಮೇಲೆ ಕುಕ್ಕರಿಸುತ್ತಾರೆ, ಹಿಂದೆ ಸರದಿ ಬೆಳೆದಿರುತ್ತದೆ, ನಾನು ಪಟ್ಟಿ ಸುತ್ತುವಾಗಲೇ ಅವರು ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಹೀಗೆ ಬಂದ 138ನ್ನು ಹಾಗೆ ಬಂದ 120ರ ಪಕ್ಕ ಇಟ್ಟು ನೋಡುವುದು ನನ್ನ ಪ್ರಕಾರ ಅನ್ಯಾಯ.

ತೋಳನ್ನು ಎಲ್ಲಿಟ್ಟಿದ್ದೀರಿ ಅನ್ನುವುದೂ ಸಣ್ಣ ವಿಷಯವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇದನ್ನೇ ಹಿಡಿದು 133 ಜನರನ್ನು ಪರೀಕ್ಷಿಸಿ, 2024ರಲ್ಲಿ ಪ್ರಕಟಿಸಿದರು. ತೋಳನ್ನು ಮೇಜಿನ ಮೇಲೆ ಎದೆಮಟ್ಟಕ್ಕೆ ಇಟ್ಟಾಗ ಬಂದದ್ದಕ್ಕಿಂತ, ತೊಡೆಯ ಮೇಲಿಟ್ಟಾಗ ಮೇಲಿನ ಸಂಖ್ಯೆ ಸುಮಾರು 4 ಹೆಚ್ಚು ಬಂತು. ಪಕ್ಕದಲ್ಲಿ ಜೋತುಬಿಟ್ಟಾಗ ಸುಮಾರು 6.5 ಹೆಚ್ಚು. ಕಾರಣ ಸರಳ. ತೋಳು ಹೃದಯಕ್ಕಿಂತ ಕೆಳಗಿಳಿದಷ್ಟೂ ಅಷ್ಟೆತ್ತರದ ರಕ್ತದ ಭಾರ ಲೆಕ್ಕಕ್ಕೆ ಸೇರುತ್ತದೆ, 10 ಸೆಂಟಿಮೀಟರಿಗೆ ಹೆಚ್ಚುಕಡಿಮೆ 7–8 ಪಾಯಿಂಟ್. ಜೊತೆಗೆ ಆಸರೆಯಿಲ್ಲದ ತೋಳಿನ ಸ್ನಾಯು ಬಿಗಿಯಾಗುತ್ತದೆ.

ಪಟ್ಟಿಯ ಕಥೆ ಇನ್ನೂ ಕೆಟ್ಟದ್ದು. ತುಂಬಾ ದಪ್ಪ ತೋಳಿನವರಿಗೆ ಎಕ್ಸ್‌ಟ್ರಾ ಲಾರ್ಜ್ ಪಟ್ಟಿಯ ಬದಲು ಮಾಮೂಲಿ ಪಟ್ಟಿ ಹಾಕಿದರೆ ಮೇಲಿನ ಸಂಖ್ಯೆ ಸರಾಸರಿ 19.5 ಹೆಚ್ಚು ಬರುತ್ತದೆಂದು 2023ರ ಅಧ್ಯಯನವೊಂದು ತೋರಿಸಿತು. ಹತ್ತೊಂಬತ್ತೂವರೆ! ಬಿಪಿಯೇ ಇಲ್ಲದವರನ್ನು ಬಿಪಿ ರೋಗಿ ಮಾಡಲು ಅಷ್ಟು ಸಾಕು. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಇಡೀ ಓಪಿಡಿಗೆ ಇದ್ದದ್ದು ಒಂದೇ ಅಳತೆಯ ಪಟ್ಟಿ, ಅದರ ವೆಲ್ಕ್ರೋ ಕೂಡ ಹಿಡಿಯುತ್ತಿರಲಿಲ್ಲ. ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಬಿಪಿ ನೋಡಬೇಕಿತ್ತು.

ಬೆಳಿಗ್ಗೆಯ ಮಾತ್ರೆಯೋ ರಾತ್ರಿಯದೋ ಅಂತಲೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಟೈಮ್ ಅಧ್ಯಯನದಲ್ಲಿ, 2022ರಲ್ಲಿ, ಹೃದಯದ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಬೇರೆ ಕಾರಣಕ್ಕೆ ಹೊತ್ತು ಗೊತ್ತುಮಾಡಿಲ್ಲದಿದ್ದರೆ, ಮರೆಯದ ಹೊತ್ತಿಗೆ ತೆಗೆದುಕೊಳ್ಳಿ ಎನ್ನುತ್ತೇನೆ.

ಈಗ ನಾನು ಚೀಟಿಯಲ್ಲಿ ಬಿಪಿಯ ಪಕ್ಕದಲ್ಲೇ “5 ನಿಮಿಷ ಕೂತು, ಮೇಜಿನ ಮೇಲೆ ತೋಳು, ದೊಡ್ಡ ಪಟ್ಟಿ” ಅಂತ ಬರೆಯುತ್ತೇನೆ. ಸರದಿ ಉದ್ದವಿದ್ದ ದಿನ “ಬಂದ ಕೂಡಲೇ” ಅಂತಲೂ ಬರೆದದ್ದುಂಟು. ಮೊದಮೊದಲು ನಮ್ಮ ಡಾಕ್ಟರು ಇದನ್ನು ನೋಡಿ ನಗುತ್ತಿದ್ದರು. ಈಗ “ಬಂದ ಕೂಡಲೇ” ಅಂತ ಕಂಡರೆ ಮಾತ್ರೆ ಬರೆಯುವ ಮುಂಚೆ ಪೇಶೆಂಟನ್ನು ವಾಪಸ್ ನನ್ನ ಹತ್ತಿರವೇ ಕಳಿಸುತ್ತಾರೆ, ಕೂರಿಸಿ ಇನ್ನೊಮ್ಮೆ ನೋಡಿ ಅಂತ.