ಕಲ್ಲಿಗೆ ಹೆದರಿ ಮಜ್ಜಿಗೆ ಬಿಡಬೇಡಿ

ರಾಯಚೂರಿನ ಬಿಸಿಲಿನಲ್ಲಿ ಗಾರೆ ಕೆಲಸ ಮಾಡುವ ನನ್ನ ತಮ್ಮನ ಮೂತ್ರನಾಳದಲ್ಲಿ 4 ಮಿಲಿಮೀಟರ್ ಕಲ್ಲು ಸಿಕ್ಕಿಕೊಂಡಿತ್ತು. ಇಷ್ಟು ಸಣ್ಣದು ಹೆಚ್ಚಾಗಿ ತಾನಾಗಿಯೇ ಹೊರಬೀಳುತ್ತದೆ, ಅವನದೂ ಬಿತ್ತು. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ ಇಲ್ಲವೇ ಮೂತ್ರ ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಸುಣ್ಣದ ಅಂಶವೇ (ಕ್ಯಾಲ್ಸಿಯಂ) ಕಲ್ಲಾಗುತ್ತದೆಂದು ಅಮ್ಮ ಈಗ ಅವನಿಗೆ ಹಾಲು, ಮಜ್ಜಿಗೆ ನಿಲ್ಲಿಸಿದ್ದಾಳೆ. ನನಗೆ ಸಂಕಟವಾಗುವುದು ಇದಕ್ಕೇ. ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು, ಅಂದರೆ ಕ್ಯಾಲ್ಸಿಯಂ ಜೊತೆ ಆಕ್ಸಲೇಟ್ ಎಂಬ ಅಂಶ ಸೇರಿ ಆದವು, ನಿಜ. ಆದರೆ ಊಟದ ಜೊತೆ ಕುಡಿದ ಮಜ್ಜಿಗೆಯ ಕ್ಯಾಲ್ಸಿಯಂ ಪಾಲಕ್, ಶೇಂಗಾಗಳಲ್ಲಿರುವ ಆಕ್ಸಲೇಟನ್ನು ಮೂತ್ರಕ್ಕೆ ಸೇರುವ ಮೊದಲೇ ಕರುಳಿನಲ್ಲಿ ಹಿಡಿದು ಮಲದಲ್ಲಿ ಕಳಿಸುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಅದು ಹೆಚ್ಚಾದಷ್ಟೂ ಮೂತ್ರಕ್ಕೆ ಕ್ಯಾಲ್ಸಿಯಂ ಇಳಿಯುತ್ತದೆ. ದಿನಕ್ಕೆ 2.5 ಲೀಟರ್ ಮೂತ್ರವಾಗುವಷ್ಟು ನೀರು ಬೇಕು. ಬೆವರು ಸುರಿಸುವವನು ಇನ್ನೂ ಹೆಚ್ಚು ಕುಡಿಯಬೇಕು.

ಅಮ್ಮಾ, ಅವನ ಬುತ್ತಿಗೆ ಮಜ್ಜಿಗೆ ಇಡು, ಉಪ್ಪಿನಕಾಯಿ ಬೇಡ.